ಮಾರೋಕೆ ಇರೋ ಪಿನ್‌ಕೋಡ್ ರಿಪೇರಿಗೆ ಯಾಕಿಲ್ಲ?

ನಮ್ಮೂರು ಹೊಳವನಹಳ್ಳಿ, ಕೊರಟಗೆರೆ ತಾಲ್ಲೂಕಿನ ಹೋಬಳಿ ಕೇಂದ್ರ. ಇಲ್ಲಿ ಬೋರ್‌ವೆಲ್ ಮೋಟರ್ ಸುಟ್ಟುಹೋದ್ರೆ ಯಾರೂ ಕಸ್ಟಮರ್ ಕೇರ್‌ಗೆ ಫೋನ್ ಮಾಡಲ್ಲ. ಪೈಪ್ ಎತ್ತೋ ಗಾಡಿ ಬರುತ್ತೆ, ಮೋಟರ್ ಮೇಲೆ ಬರುತ್ತೆ, ನೇರ ರಿವೈಂಡಿಂಗ್ ಅಂಗಡಿಗೆ ಹೋಗುತ್ತೆ. ಬುಷ್, ಥ್ರಸ್ಟ್ ಬೇರಿಂಗ್, ವೈಂಡಿಂಗ್ ತಂತಿ, ಸ್ಟಾರ್ಟರ್‌ನ ಕೆಪಾಸಿಟರ್ ಎಲ್ಲಾ ತಾಲ್ಲೂಕಿನೊಳಗೇ ಸಿಗುತ್ತೆ. ಅಡಿಕೆ ತೋಟ ಒಣಗೋಕೆ ಮುಂಚೆ ನೀರು ಬಂದಿರುತ್ತೆ. ಅಂಗಡಿಯಣ್ಣ ಮೊದಲು ಕೇಳೋದು ಕಂಪನಿ ಹೆಸರಲ್ಲ: "ನಾಕಿಂಚಾ, ಆರಿಂಚಾ? ಎಷ್ಟು ಎಚ್‌ಪಿ?"

ಅದೇ ಊರಲ್ಲಿ ಒಂದು ಪೋರ್ಟಬಲ್ ಎಸಿ ಕೆಟ್ಟರೆ ಮೂಲೆ ಸೇರುತ್ತೆ. ನೂರಾರು ಅಡಿ ಆಳದಲ್ಲಿ, ನೀರಿನೊಳಗೆ ಓಡೋ ಯಂತ್ರವನ್ನ ಬದುಕಿಸೋ ಊರಿಗೆ, ಕಣ್ಣೆದುರು ಚಕ್ರದ ಮೇಲೆ ನಿಂತಿರೋ ಯಂತ್ರವನ್ನ ಬದುಕಿಸೋಕೆ ಆಗಲ್ಲ. "ಹಳ್ಳಿಲಿ ಸರ್ವಿಸ್ ಸೆಂಟರ್ ಇಲ್ವಲ್ಲ, ಇನ್ನೇನಾಗುತ್ತೆ" ಅಂತ ಹಾಸ್ಟೆಲ್‌ನಲ್ಲಿ ಗೆಳೆಯರು ಹೇಳಿದ್ರು. ನಾನು ಇದನ್ನ ಒಪ್ಪಲ್ಲ. ಬೋರ್ ಮೋಟರಿಗೂ ನಮ್ಮೂರಲ್ಲಿ ಕಂಪನಿ ಸರ್ವಿಸ್ ಸೆಂಟರ್ ಇಲ್ಲ. ಇರೋದು ಬಿಡಿಭಾಗ, ಮತ್ತೆ ಅದರ ಅಳತೆ ಗೊತ್ತಿರೋ ಜನ.

ನಮ್ಮ ಮಾವನ ಝೆರಾಕ್ಸ್ ಅಂಗಡಿಯನ್ನೇ ತಗೊಳ್ಳಿ. ಬಾಡಿಗೆ ಮಳಿಗೆ, ಮೇಲೆ ಶೀಟು. ಏಪ್ರಿಲ್‌ನಲ್ಲಿ ಎರಡು ಪ್ರಿಂಟರ್, ಮೂರು ಕಂಪ್ಯೂಟರ್ ಓಡ್ತಿದ್ರೆ ಒಳಗೆ ಕೂರೋಕೆ ಆಗಲ್ಲ. ಕೂಲರ್ ಇಟ್ಟರೆ ಪೇಪರ್ ತೇವ ಹೀರಿ ಸುರುಳಿ ಸುತ್ತಿ ಪ್ರಿಂಟರ್‌ನಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ. ಸ್ಪ್ಲಿಟ್ ಎಸಿ ಹಾಕೋಣ ಅಂದ್ರೆ ಗೋಡೆಗೆ ತೂತು ಹೊಡೆಯೋಕೆ ಓನರ್ ಬಿಡಲ್ಲ. ಹಾಗಾಗಿ ಆನ್‌ಲೈನ್‌ನಲ್ಲಿ ಒಂದು ಟನ್‌ನ ಪೋರ್ಟಬಲ್ ಎಸಿ ಬಂತು. ಕಂಪನಿ ಹೆಸರು ಇಲ್ಲಿ ಬೇಡ, ಎಷ್ಟೋ ಕಂಪನಿಗಳ ಕಥೆ ಇದೇ.

ಮೂರನೇ ಬೇಸಿಗೆಗೆ ಫ್ಯಾನ್ ತಿರುಗುತ್ತೆ, ಕಂಪ್ರೆಸರ್ ಸ್ಟಾರ್ಟ್ ಆಗಲ್ಲ. ಊರಿನ ಎಲೆಕ್ಟ್ರಿಷಿಯನ್ ಅಣ್ಣ ನೋಡಿ, "ಕಂಡೆನ್ಸರ್ ಹೋಗಿದೆ" ಅಂದ. ಕಂಡೆನ್ಸರ್ ಅಂದ್ರೆ ಗ್ಯಾಸ್ ತಣಿಯೋ ಕಾಯಿಲ್ ಅಂತ ಕಾಲೇಜಲ್ಲಿ ಓದಿದವರಿಗೆ ಇಲ್ಲೊಂದು ಗೊಂದಲ. ನಮ್ಮ ಕಡೆ ಕೆಪಾಸಿಟರ್‌ಗೇ ಕಂಡೆನ್ಸರ್ ಅನ್ನೋದು. ಹಳೇದರ ಮೇಲೆ ಬರೆದಿದ್ದ ಮೈಕ್ರೋಫ್ಯಾರಡ್, ವೋಲ್ಟ್ ನೋಡಿ ಅದೇ ಅಳತೆಯದ್ದು ತಂದು ಹಾಕಿದ. ಎಸಿ ಓಡ್ತು. ಯಾರ ಅನುಮತಿಯೂ ಬೇಕಾಗ್ಲಿಲ್ಲ.

ಆಮೇಲೆ ಒಂದು ಸಂಜೆ ವೋಲ್ಟೇಜ್ ಏರಿಳಿತಕ್ಕೆ ಕಂಟ್ರೋಲ್ ಬೋರ್ಡ್ ಹೋಯ್ತು. (ಪಕ್ಕದ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ ಅಂತ ನಾವು ಹೆಮ್ಮೆಯಿಂದ ಹೇಳ್ಕೊಳ್ತೀವಿ, ಸಂಜೆ ಹೊತ್ತು ಸ್ಟೆಬಿಲೈಜರ್ ಮುಳ್ಳು ನೋಡಿದ್ರೆ ಆ ಹೆಮ್ಮೆ ಸ್ವಲ್ಪ ಇಳಿಯುತ್ತೆ.) ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ ಮೊದಲು ಪಿನ್‌ಕೋಡ್ ಕೇಳಿದ್ರು. ಹೇಳಿದ್ವಿ. "ಸಾರಿ ಸರ್, ನಿಮ್ಮ ಪಿನ್‌ಕೋಡ್‌ಗೆ ಸರ್ವಿಸ್ ಇಲ್ಲ." ಸರಿ, ಬೋರ್ಡ್ ಮಾತ್ರ ಕೊರಿಯರ್ ಮಾಡಿ, ದುಡ್ಡು ಕೊಡ್ತೀವಿ ಅಂದ್ವಿ. ಬಿಡಿಭಾಗ ಹೊರಗಿನವರಿಗೆ ಮಾರಲ್ಲ ಅಂದ್ರು. ಮಾವ ತಣ್ಣಗೆ ಕೇಳಿದ ಪ್ರಶ್ನೆ ನನಗೆ ಇನ್ನೂ ನೆನಪಿದೆ: "ಅಲ್ಲಮ್ಮ, ಅಷ್ಟು ಭಾರದ ಎಸಿ ಬಾಗಿಲಿಗೇ ಬಂತಲ್ಲ ಇದೇ ಪಿನ್‌ಕೋಡ್‌ಗೆ. ಅಂಗೈಯಗಲದ ಬೋರ್ಡ್ ಯಾಕೆ ಬರಲ್ಲ?" ಆ ಕಡೆಯಿಂದ ಉತ್ತರ ಬರಲಿಲ್ಲ.

ನನ್ನ ವಾದವೂ ಇಷ್ಟೇ. ಹಳ್ಳಿ ಹಳ್ಳಿಗೂ ಸರ್ವಿಸ್ ಸೆಂಟರ್ ತೆರೀರಿ ಅಂತ ಯಾರೂ ಕೇಳ್ತಿಲ್ಲ, ಅದು ಆಗೋ ಮಾತೂ ಅಲ್ಲ. ಯಾವ ಪಿನ್‌ಕೋಡ್‌ಗೆ ಯಂತ್ರ ಮಾರ್ತೀರೋ ಆ ಪಿನ್‌ಕೋಡ್‌ಗೆ ಅದರ ಬಿಡಿಭಾಗವನ್ನೂ, ವೈರಿಂಗ್ ಚಿತ್ರವನ್ನೂ ಕೇಳಿದವರಿಗೆಲ್ಲ ಮಾರಬೇಕು. ಬಿಚ್ಚಿ ಜೋಡಿಸೋ ಕೈ ನಮ್ಮಲ್ಲೇ ಇದೆ.

ಬೋರ್ ಮೋಟರ್ ವಿಷಯದಲ್ಲಿ ಇದು ಹೇಗೆ ಸಾಧ್ಯ ಆಯ್ತು? ಒಂದು ಕಾರಣ ಅಳತೆ. ಸಬ್‌ಮರ್ಸಿಬಲ್ ಪಂಪ್‌ಸೆಟ್‌ಗೆ ಬಿಐಎಸ್‌ನ ಐಎಸ್ 8034 ಇದೆ, ಅದರ ಮೋಟರಿಗೆ ಐಎಸ್ 9283 ಇದೆ. ಅದಕ್ಕಿಂತ ಮುಖ್ಯವಾಗಿ ಕೊರೆದ ಬೋರಿನ ವ್ಯಾಸವೇ ಎಲ್ಲ ಕಂಪನಿಗಳನ್ನೂ ಒಂದು ಶಿಸ್ತಿಗೆ ತಂದಿದೆ. ಪೋರ್ಟಬಲ್ ಎಸಿಗೆ ಅಂಥ ಬಲವಂತ ಯಾವುದೂ ಇಲ್ಲ. ಇಷ್ಟಾದರೂ ಕವರ್ ಬಿಚ್ಚಿ ನೋಡಿದ್ರೆ ಒಳಗಿರೋ ಬಹುಪಾಲು ವಸ್ತು ಸಾಮಾನ್ಯದ್ದೇ. ನಾಲ್ಕನೇ ಕ್ಲಾಸಿನ ವಿಜ್ಞಾನ ಅಲ್ಲ, ಹಾಗಂತ ರಾಕೆಟ್ಟೂ ಅಲ್ಲ. ಥರ್ಮೋಡೈನಾಮಿಕ್ಸ್‌ನಲ್ಲಿ ನಾವು ಬರೆಯೋ ವೇಪರ್ ಕಂಪ್ರೆಷನ್ ಸೈಕಲ್‌ನ ನಾಲ್ಕೂ ಡಬ್ಬಿಗಳು ಒಂದೇ ಪೆಟ್ಟಿಗೆಯಲ್ಲಿ ಕೂತಿವೆ, ಅಷ್ಟೇ. ರೋಟರಿ ಕಂಪ್ರೆಸರ್ ಮೈಮೇಲೆ ಅದರದ್ದೇ ತಯಾರಕರ ಮಾಡೆಲ್ ನಂಬರ್ ಇರುತ್ತೆ; ಬೇರೆ ಬೇರೆ ಬ್ರ್ಯಾಂಡ್‌ಗಳು ಒಂದೇ ಕಡೆಯಿಂದ ಕಂಪ್ರೆಸರ್ ತರಿಸೋದು ಸಾಮಾನ್ಯ. ಕೆಪಾಸಿಟರ್ ಎಲ್ಲೆಡೆ ಸಿಗುತ್ತೆ. ತಾಪ ನೋಡೋ ಸೆನ್ಸರ್ ಅಂದ್ರೆ ಒಂದು ಎನ್‌ಟಿಸಿ ಥರ್ಮಿಸ್ಟರ್, ಅದರ ರೆಸಿಸ್ಟೆನ್ಸ್ ಗೊತ್ತಿದ್ರೆ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಹುಡುಕಬಹುದು.

ಹಿಂದೆ ಬಿಸಿಗಾಳಿ ಬಿಡೋ ದಪ್ಪ ಕೊಳವೆ ಹರಿದುಹೋದ್ರೆ ಕಂಪನಿ ಭಾಗಕ್ಕೆ ಕಾಯಬೇಕಿಲ್ಲ. ಅಡುಗೆಮನೆ ಚಿಮಣಿ ಮಾರೋ ಅಂಗಡಿಯಲ್ಲಿ ಐದು, ಆರು ಇಂಚಿನ ಅಲ್ಯೂಮಿನಿಯಂ ಕೊಳವೆ ಸಿಗುತ್ತೆ. ಹಳೇದರ ವ್ಯಾಸ ಅಳೆದುಕೊಂಡು ಹೋಗಿ. ಆದ್ರೆ ತುದಿಯ ಪ್ಲಾಸ್ಟಿಕ್ ಕಾಲರ್ ಎಸೀಬೇಡಿ, ಅದು ಮಾತ್ರ ಒಂದೊಂದು ಮಾಡೆಲ್‌ಗೆ ಒಂದೊಂದು ಥರ.

ನಿಜವಾಗಿ ಬಾಗಿಲು ಹಾಕಿರೋದು ಮೂರು ಕಡೆ: ಬೋರ್ಡ್, ಬ್ಲೋವರ್ ಚಕ್ರ, ಮತ್ತೆ ಈ ಕಾಲರ್ ಥರದ ಪ್ಲಾಸ್ಟಿಕ್ಕು. ಬೋರ್ಡ್‌ಗೆ ಮೆಕ್ಯಾನಿಕ್‌ಗಳು ಕಂಡುಕೊಂಡ ದಾರಿ "ಯೂನಿವರ್ಸಲ್ ಕಿಟ್". ಸ್ಪ್ಲಿಟ್ ಎಸಿಗೆ ಅಂತ ಬರೋ ಬೋರ್ಡು, ರಿಮೋಟ್ ಸಮೇತ. ಮಾವನ ಎಸಿಗೂ ಅದನ್ನೇ ಹಾಕಿದ್ದು. ಇಲ್ಲಿ ಒಂದು ಎಚ್ಚರ. ಪೋರ್ಟಬಲ್ ಎಸಿಯ ತಳದ ಟ್ರೇನಲ್ಲಿ ನೀರು ಸೇರುತ್ತೆ, ತುಂಬಿದ್ರೆ ಫ್ಲೋಟ್ ಸ್ವಿಚ್ ಒಂದು ಕಂಪ್ರೆಸರ್‌ನ ನಿಲ್ಲಿಸುತ್ತೆ. ಸ್ಪ್ಲಿಟ್ ಎಸಿಯ ಕಿಟ್‌ಗೆ ಈ ಸ್ವಿಚ್‌ನ ವಿಷಯ ಸಾಮಾನ್ಯವಾಗಿ ಗೊತ್ತೇ ಇರಲ್ಲ. ಅದನ್ನ ಕಂಪ್ರೆಸರ್ ರಿಲೇಯ ಕಾಯಿಲ್ ಲೈನಿಗೆ ಸೀರೀಸ್‌ನಲ್ಲಿ ಸೇರಿಸಬೇಕು, ಇಲ್ಲಾಂದ್ರೆ ನೀರು ಅಂಗಡಿ ತುಂಬ. ಇಂಥ ಒಂದು ಸಾಲು ಕಂಪನಿಯ ವೈರಿಂಗ್ ಚಿತ್ರದಲ್ಲಿ ಇರುತ್ತೆ. ಆ ಚಿತ್ರ ನಮಗೆ ಸಿಗಲ್ಲ. ಮುಚ್ಚಿಡೋದರಿಂದ ಸುರಕ್ಷತೆ ಹೆಚ್ಚಾಗುತ್ತೆ ಅನ್ನೋರು ಇದಕ್ಕೆ ಏನಂತಾರೋ.

ಸುರಕ್ಷತೆಯ ಮಾತು ಪೂರ್ತಿ ಸುಳ್ಳಲ್ಲ. ಯುರೋಪ್‌ನಲ್ಲಿ 2020ರಿಂದ ಪೋರ್ಟಬಲ್ ಎಸಿಗೆ ಹೆಚ್ಚು ಬಿಸಿಯೇರಿಸೋ ಗ್ಯಾಸ್‌ಗಳನ್ನ ಹಾಕೋ ಹಾಗಿಲ್ಲ, ಅದಕ್ಕೆ ಅಲ್ಲಿನ ಯಂತ್ರಗಳಲ್ಲಿ ಆರ್-290 ಬರುತ್ತೆ. ಆರ್-290 ಅಂದ್ರೆ ಪ್ರೊಪೇನ್, ಹತ್ತಿಕೊಳ್ಳೋ ಗ್ಯಾಸು. ಪ್ಲೇಟ್ ಮೇಲೆ ಆ ಹೆಸರಿದ್ರೆ ಗ್ಯಾಸ್ ಕೊಳವೆ ಹತ್ತಿರ ಬ್ರೇಜಿಂಗ್ ಟಾರ್ಚ್ ಹಿಡಿದು ಯಾರನ್ನೂ ಬಿಡಬೇಡಿ, ತರಬೇತಿ ಆದವರೇ ಮಾಡಬೇಕು. ಕೆಪಾಸಿಟರ್ ಕೂಡ ಪ್ಲಗ್ ತೆಗೆದ ಮೇಲೂ ಕರೆಂಟ್ ಹಿಡಿದಿರುತ್ತೆ, ಡಿಸ್‌ಚಾರ್ಜ್ ಮಾಡದೆ ಮುಟ್ಟಬಾರದು. ಇದನ್ನೆಲ್ಲ ಒಪ್ತೀನಿ. ಆದ್ರೆ ಗ್ಯಾಸಿನ ಹೆಸರು ಹೇಳಿ ಬ್ಲೋವರ್ ಚಕ್ರ ಮಾರದೇ ಇರೋದು ಯಾವ ನ್ಯಾಯ?

ಗ್ಯಾಸ್ ಮಾತು ಬಂತಲ್ಲ, ಇನ್ನೊಂದು. "ಗ್ಯಾಸ್ ಖಾಲಿಯಾಗಿದೆ, ಪ್ರತಿ ವರ್ಷ ತುಂಬಿಸಬೇಕು" ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಗ್ಯಾಸು ಪೆಟ್ರೋಲ್ ಥರ ಉರಿದು ಖರ್ಚಾಗಲ್ಲ, ಅದೇ ಗ್ಯಾಸು ಸುತ್ತುತ್ತಾ ಇರುತ್ತೆ. ಕಡಿಮೆ ಆಗಿದ್ರೆ ಲೀಕ್ ಇದೆ ಅಂತ ಅರ್ಥ, ಮೊದಲು ಲೀಕ್ ಮುಚ್ಚಬೇಕು. ತಂಪು ಕಡಿಮೆಯಾದಾಗ ಮೊದಲು ನೋಡಬೇಕಾದ್ದು ಧೂಳು. ನಮ್ಮ ಕಡೆ ಬೇಸಿಗೆ ಧೂಳಿಗೆ ಫಿಲ್ಟರ್‌ನ ಹದಿನೈದು ದಿನಕ್ಕೊಮ್ಮೆ ತೊಳೆದು, ನೆರಳಲ್ಲಿ ಒಣಗಿಸಿ ಹಾಕಬೇಕು. ಬಿಸಿ ಕಾಯಿಲ್‌ನ ಸೀಸನ್ನಿಗೆ ಒಂದು ಸಲವಾದ್ರೂ ಕವರ್ ಬಿಚ್ಚಿ ಬ್ರಷ್ ಮಾಡಬೇಕು. ಕೊಳವೆ ಆದಷ್ಟೂ ಗಿಡ್ಡ, ನೇರ ಇರಲಿ; ಉದ್ದ ಮಾಡಿದಷ್ಟೂ ಬಿಸಿಗಾಳಿ ಹೊರಗೆ ಹೋಗೋಕೆ ಒದ್ದಾಡುತ್ತೆ. ಮಳೆಗಾಲಕ್ಕೆ ಎತ್ತಿಡೋ ಮುಂಚೆ ಕೆಳಗಿನ ಬಿರಡೆ ತೆಗೆದು ನೀರು ಪೂರ್ತಿ ಬಸಿದು, ಫ್ಯಾನ್ ಮಾತ್ರ ಹಾಕಿ ಒಳಗೆ ಒಣಗಿಸಿ. ಮಲಗಿಸಿ ಸಾಗಿಸಿದ್ರೆ ನೆಟ್ಟಗೆ ನಿಲ್ಲಿಸಿ ಕೆಲವು ಗಂಟೆ ಬಿಟ್ಟೇ ಆನ್ ಮಾಡಿ. ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಸಿಗಿಸಲೇಬೇಡಿ.

ಇನ್ನು ಸರ್ಕಾರದ ಕಡೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡ್ತು, ಅದೇ ವರ್ಷ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕ ದಿನದಂದು ರೈಟ್ ಟು ರಿಪೇರ್ ಪೋರ್ಟಲ್ ಶುರು ಮಾಡ್ತು. ಕೃಷಿ ಯಂತ್ರ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ, ಹೀಗೆ ನಾಲ್ಕು ಕ್ಷೇತ್ರ. ಒಳ್ಳೆ ಹೆಜ್ಜೆ. ಆದ್ರೆ ಪೋರ್ಟಲ್ ಮಾಹಿತಿ ಕೊಡುತ್ತೆ, ಬಿಡಿಭಾಗ ಕೊಡಲೇಬೇಕು ಅಂತ ಕಂಪನಿಗೆ ಹೇಳೋ ಕಾನೂನು ಅದಲ್ಲ. ಯುರೋಪ್‌ನಲ್ಲಿ 2021ರ ಮಾರ್ಚ್‌ನಿಂದ ವಾಷಿಂಗ್ ಮೆಷಿನ್‌ನ ಮುಖ್ಯ ಬಿಡಿಭಾಗಗಳು ಹತ್ತು ವರ್ಷ, ಫ್ರಿಜ್‌ನದ್ದು ಏಳು ವರ್ಷ ಸಿಗಲೇಬೇಕು. ಆ ಮಾದರಿ ನಮಗೂ ಬೇಕು, ಜೊತೆಗೆ ಪಿನ್‌ಕೋಡ್ ಷರತ್ತು. ಬಿಡಿಭಾಗ ಮಾರಿದ್ರೆ ಯಂತ್ರದ ಬೆಲೆ ಏರುತ್ತೆ ಅಂತ ಕಂಪನಿಗಳು ಹೇಳಬಹುದು. ಸ್ವಲ್ಪ ಏರಲಿ. ಮೂರು ಬೇಸಿಗೆಗೆ ಮೂಲೆ ಸೇರೋ ಎಸಿಗಿಂತ ಎಂಟು ಬೇಸಿಗೆ ಓಡೋದು ಅಗ್ಗ.

ಕಾನೂನು ಬರೋ ತನಕ ನಾವು ಕೈಕಟ್ಟಿ ಕೂರಬೇಕಿಲ್ಲ. ರಜೆಗೆ ಊರಿಗೆ ಹೋದಾಗ ಮನೆಯಲ್ಲೋ ಪಕ್ಕದ ಅಂಗಡಿಯಲ್ಲೋ ಕೆಟ್ಟು ಕೂತಿರೋ ಎಸಿ, ಕೂಲರ್ ಇದ್ರೆ, ಪ್ಲಗ್ ತೆಗೆದು, ಹಿಂದಿನ ಪ್ಲೇಟ್‌ನ ಫೋಟೋ ತನ್ನಿ. ಕೆಪಾಸಿಟರ್ ಅಳತೆ, ಕೊಳವೆ ವ್ಯಾಸ, ಬ್ಲೋವರ್ ಚಕ್ರದ ಅಗಲ ಮತ್ತೆ ಶಾಫ್ಟ್ ದಪ್ಪ ಬರ್ಕೊಂಡು ಬನ್ನಿ. ಕಾಲರ್ ಮುರಿದಿದ್ರೆ ತುಂಡುಗಳನ್ನೇ ತನ್ನಿ; ಮೆಕ್ಯಾನಿಕಲ್‌ನವರು ವರ್ನಿಯರ್ ಹಿಡಿದು ಕ್ಯಾಡ್ ಚಿತ್ರ ಮಾಡಲಿ, ಸೆಮಿಸ್ಟರ್‌ಗೆ ನಾಲ್ಕು ಗೇರ್ ಪ್ರಿಂಟ್ ಮಾಡಿ ಸುಮ್ಮನೆ ಕೂರೋ ಥ್ರೀಡಿ ಪ್ರಿಂಟರ್‌ಗೂ ಕೆಲಸ ಸಿಗುತ್ತೆ. ಇಸಿ, ಇಇ ಗೆಳೆಯರು ಒಂದು ಸತ್ತ ಬೋರ್ಡ್‌ನ ಸರ್ಕ್ಯೂಟ್ ಬಿಡಿಸಲಿ. ಅದನ್ನ ಕನ್ನಡದಲ್ಲಿ ಬರೆದು ಈ ಪತ್ರಿಕೆಯಲ್ಲೇ ಹಾಕೋಣ, ಊರಿನ ಎಲೆಕ್ಟ್ರಿಷಿಯನ್ ಅಣ್ಣ ಓದೋ ಹಾಗೆ. ಬರೆಯುವಾಗ ಕೆಪಾಸಿಟರ್ ಪಕ್ಕದಲ್ಲಿ "ಕಂಡೆನ್ಸರ್" ಅಂತಲೂ ಬರೀರಿ, ಇಲ್ಲಾಂದ್ರೆ ಅವನು ಹೋಗಿ ಕಾಯಿಲ್ ಬಿಚ್ಚಿಬಿಡ್ತಾನೆ.