ಆ ಏಳು ಸೀಟು ಬರೆದವಳು ನಾನೇ

ನಾನು ಏನು ಕೆಲಸ ಮಾಡುತ್ತೇನೆ ಎಂದು ತಿಪಟೂರಿನಲ್ಲಿ ಯಾರಾದರೂ ಕೇಳಿದರೆ ನನಗಿಂತ ಮೊದಲು ಅಪ್ಪನೇ ಉತ್ತರ ಕೊಟ್ಟುಬಿಡುತ್ತಾರೆ: "ಫೋನಲ್ಲಿ ಏನಾದ್ರೂ ನೋಡ್ತಿರುವಾಗ ಅಡ್ಡ ಬರುತ್ತಲ್ಲ ಜಾಹೀರಾತು, ಅದನ್ನ ಹಾಕೋಳು ಇವಳೇ." ಕೇಳಿದವರ ಮುಖ ನೋಡಬೇಕು! ಸೊಳ್ಳೆ ಸಾಕುವವಳನ್ನು ನೋಡಿದ ಹಾಗೆ ನೋಡುತ್ತಾರೆ.

ಬಿ.ಕಾಂ. ಮುಗಿಸಿ ಬೆಂಗಳೂರಿಗೆ ಬಂದು ನಾಲ್ಕು ವರ್ಷವಾಯಿತು. ಒಂದು ಸಣ್ಣ ಏಜೆನ್ಸಿಯಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕೆಲಸ. ಹೆಸರು ದೊಡ್ಡದು, ಕೆಲಸ ಬಹುಪಾಲು ಲೆಕ್ಕದ್ದು. ಬೆಳಿಗ್ಗೆ ಬಂದ ಕೂಡಲೇ ನಿನ್ನೆ ಎಷ್ಟು ಖರ್ಚಾಯಿತು, ಎಷ್ಟು ಜನ ಒತ್ತಿದರು, ಒಬ್ಬರು ಫೋನ್ ನಂಬರ್ ಕೊಡುವುದಕ್ಕೆ ಎಷ್ಟು ರೂಪಾಯಿ ಬಿತ್ತು ಎಂದು ನೋಡಬೇಕು. ಆಮೇಲೆ ಎರಡು ಸಾಲಿನ ಜಾಹೀರಾತನ್ನು ಹತ್ತು ಥರ ಬರೆಯಬೇಕು. ಯಾವುದಕ್ಕೆ ಹೆಚ್ಚು ಜನ ಒತ್ತುತ್ತಾರೋ ಅದು ಉಳಿಯುತ್ತದೆ, ಮಿಕ್ಕವು ಸಾಯುತ್ತವೆ. ನಿಜ ಹೇಳಬೇಕೆಂದರೆ ಈ ಕೆಲಸ ನನಗೆ ಇಷ್ಟ.

ಬಿಡುವಿನಲ್ಲೂ ನನ್ನ ಹುಚ್ಚು ಇದೇ. ಭಾನುವಾರ ಗಾಂಧಿ ಬಜಾರಿಗೆ ಹೋದರೆ ತರಕಾರಿಗಿಂತ ಹೆಚ್ಚಾಗಿ ಕೂಗು ಕೇಳುತ್ತೇನೆ. ಅಂಗಡಿಗಳ ಬೋರ್ಡುಗಳ ಫೋಟೊ ತೆಗೆದುಕೊಳ್ಳುತ್ತೇನೆ. 'ಸಾಲ ಕೇಳಿ ಸ್ನೇಹ ಕಳೆದುಕೊಳ್ಳಬೇಡಿ' ಎಂಬ ಬೋರ್ಡಿನ ಹನ್ನೊಂದು ಬೇರೆ ಬೇರೆ ರೂಪಗಳು ನನ್ನ ಫೋನಿನಲ್ಲಿವೆ. ಊರಿಗೆ ಹೋದಾಗ ಅಪ್ಪನ ಜೊತೆ ಅಟ್ಟ ಹತ್ತುತ್ತೇನೆ. ಉಂಡೆ ಕೊಬ್ಬರಿಗೆ ಕಾಯಿಯನ್ನು ಹತ್ತು ಹನ್ನೆರಡು ತಿಂಗಳು ಅಟ್ಟದ ಮೇಲೆ ಹಾಕಿಡಬೇಕು. ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪು ಬಿಟ್ಟಾಗ ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಅಪ್ಪ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಈ ಕಡೆ, ಆ ಕಡೆ ಹಾಕುತ್ತಾರೆ. ಸದ್ದು ಬರದ ಕಾಯಿಗೆ ಅವರು ಏನೂ ಬೈಯುವುದಿಲ್ಲ, ವಾಪಸ್ ಅಟ್ಟದ ಮೂಲೆಗೆ ಇಡುತ್ತಾರೆ ಅಷ್ಟೇ.

ಈಗ ವಿಷಯಕ್ಕೆ ಬರುತ್ತೇನೆ.

ಎರಡು ವರ್ಷದ ಹಿಂದೆ ನಮ್ಮ ಏಜೆನ್ಸಿಗೆ ಒಂದು ತರಬೇತಿ ಸಂಸ್ಥೆಯ ಕೆಲಸ ಬಂತು. ಮೂರು ತಿಂಗಳ ಡಿಜಿಟಲ್ ಮಾರ್ಕೆಟಿಂಗ್ ಕೋರ್ಸ್, 45 ಸಾವಿರ ರೂಪಾಯಿ ಫೀಸು, ಕಂತಿನಲ್ಲಿ ಕಟ್ಟಬಹುದು. ಜಾಹೀರಾತು ಬರೆಯುವ ಹೊಣೆ ನನಗೆ ಬಿತ್ತು. '100% ಉದ್ಯೋಗ ಖಾತ್ರಿ. ಕೇವಲ 7 ಸೀಟು ಉಳಿದಿವೆ. ಇಂದೇ ಕೊನೆಯ ದಿನ' ಎಂದು ಬರೆದೆ. ಯಾರಿಗೆ ತೋರಿಸಬೇಕು? ವಯಸ್ಸು 21ರಿಂದ 26, ಬೆಂಗಳೂರಿನ ಹೊರಗಿನ ಜಿಲ್ಲೆಗಳು, ಉದ್ಯೋಗ ಹುಡುಕುತ್ತಿರುವವರು. ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ ಹೆಚ್ಚು ಓಡಿಸಿದೆ. ಊಟ ಮುಗಿದು, ಮನೆಯವರ ಮಾತು ಕೇಳಿಸಿಕೊಂಡು, ಹಾಸಿಗೆಯಲ್ಲಿ ಮಲಗಿ ಫೋನ್ ನೋಡುವ ಹೊತ್ತು ಅದು. ನಾನೂ ಒಂದು ವರ್ಷ ಹಾಗೆ ಮಲಗಿದ್ದವಳೇ, ಅದಕ್ಕೇ ಗೊತ್ತಿತ್ತು.

ಏಳು ಸೀಟು ಎಂಬ ಸಂಖ್ಯೆ ನನ್ನ ತಲೆಯಿಂದ ಬಂದದ್ದು. ಐದು ಎಂದರೆ ನಂಬುವುದಿಲ್ಲ, ಹತ್ತು ಎಂದರೆ ಆತುರ ಇರುವುದಿಲ್ಲ. ಜಾಹೀರಾತು ನಾಲ್ಕು ತಿಂಗಳು ಓಡಿತು. ನಾಲ್ಕು ತಿಂಗಳೂ ಏಳೇ ಸೀಟು ಉಳಿದಿದ್ದವು. ತಿಂಗಳ ಮೀಟಿಂಗಿನಲ್ಲಿ ಚಪ್ಪಾಳೆ ಕೂಡ ಸಿಕ್ಕಿತು.

ಅರ್ಜಿ ತುಂಬಿದವರ ಹೆಸರುಗಳ ಪಟ್ಟಿ ಪ್ರತಿದಿನ ನನಗೆ ಬರುತ್ತದೆ. ಒಂದು ದಿನ ಅದರಲ್ಲಿ ನಮ್ಮೂರಿನ ಹುಡುಗನ ಹೆಸರಿತ್ತು. ನಮ್ಮ ತೋಟದ ಪಕ್ಕದ ತೋಟದವರ ಮಗ, ನನಗಿಂತ ಮೂರು ವರ್ಷ ಚಿಕ್ಕವನು. ಫೋನ್ ಮಾಡಿ ಬೇಡ ಅನ್ನಬಹುದಿತ್ತು. ಮಾಡಲಿಲ್ಲ. ತಿಂಗಳ ಟಾರ್ಗೆಟ್ ಮುಟ್ಟಲು ಇನ್ನೂ ನಲವತ್ತು ಹೆಸರು ಬೇಕಿತ್ತು, ಇದು ಒಂದು. ಇದನ್ನು ಬರೆಯುವಾಗಲೂ ಕೈ ತಡೆಯುತ್ತದೆ, ಆದರೂ ನಡೆದದ್ದು ಇದೇ.

ಆರು ತಿಂಗಳ ನಂತರ ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಅವನೇ ಮನೆಗೆ ಬಂದ. ಕೋರ್ಸ್ ಮುಗಿದಿತ್ತು. 'ಉದ್ಯೋಗ ಖಾತ್ರಿ' ಎಂದರೆ ಎರಡು ಕಡೆ ಇಂಟರ್‌ವ್ಯೂಗೆ ಕಳಿಸುವುದು ಎಂದು ಒಪ್ಪಂದದ ಸಣ್ಣಕ್ಷರದಲ್ಲಿ ಇತ್ತಂತೆ. ಒಂದು ಕಡೆ ಮನೆ ಮನೆಗೆ ಹೋಗಿ ಮಾರುವ ಕೆಲಸ, ಇನ್ನೊಂದು ಕಡೆ ಆಫೀಸೇ ಸಿಗಲಿಲ್ಲ. ಕಂತು ಮಾತ್ರ ತಪ್ಪದೇ ಕಟ್ ಆಗುತ್ತಿತ್ತು. ಅವರಮ್ಮ ಅದಕ್ಕೆಂದು ಸಂಘದಲ್ಲಿ ಸಾಲ ತೆಗೆದಿದ್ದರು. ನಾನು ಆ ಜಾಹೀರಾತು ಬರೆದದ್ದು ನಾನೇ ಎಂದು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಹೌದಾ ಅಕ್ಕ? ಚೆನ್ನಾಗಿ ಬರೆದಿದ್ರಿ. ನಾನು ಅದನ್ನ ನೋಡಿದ ತಕ್ಷಣ ಎದ್ದು ಕೂತ್ಕೊಂಡೆ" ಅಂದ. ವ್ಯಂಗ್ಯ ಇರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವನ ಜೊತೆ ಕೂತು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆವು. ಜಾಹೀರಾತಿನ ಸ್ಕ್ರೀನ್‌ಶಾಟ್ ನನ್ನ ಹತ್ತಿರವೇ ಇತ್ತು, ಬೇಕಾದಷ್ಟು. ಸಂಸ್ಥೆ ಕೊನೆಗೆ 18 ಸಾವಿರ ಹಿಂದಿರುಗಿಸಿತು. ಮಿಕ್ಕದ್ದು ಬರಲಿಲ್ಲ.

ಆಗಲೇ ನಾನು ಕಾನೂನು ಓದಿದ್ದು, ಮೊದಲೇ ಓದಬೇಕಿತ್ತು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ 'ಡಾರ್ಕ್ ಪ್ಯಾಟರ್ನ್' ಎಂಬ 13 ಬಗೆಯ ಆನ್‌ಲೈನ್ ಮೋಸಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಪಟ್ಟಿಯಲ್ಲಿ ಮೊದಲನೆಯದೇ ಸುಳ್ಳು ಆತುರ ಹುಟ್ಟಿಸುವುದು, ಅಂದರೆ ನನ್ನ ಏಳು ಸೀಟು. ಕೋಚಿಂಗ್ ಸಂಸ್ಥೆಗಳ ಜಾಹೀರಾತಿಗೆಂದೇ 2024ರ ನವೆಂಬರ್‌ನಲ್ಲಿ ಬೇರೆ ಮಾರ್ಗಸೂಚಿ ಬಂದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ತಪ್ಪು ದಾರಿಗೆಳೆಯುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೂ ದಂಡ ಹಾಕಬಹುದು. ಕಾನೂನು ಇದೆ. ಆದರೆ ರಾತ್ರಿ ಹತ್ತೂವರೆಗೆ ನಿಮ್ಮ ಹಾಸಿಗೆಯ ಪಕ್ಕದಲ್ಲಿ ಕಾನೂನು ಇರುವುದಿಲ್ಲ, ನನ್ನಂಥವಳು ಬರೆದ ಎರಡು ಸಾಲು ಇರುತ್ತದೆ.

ಅದಕ್ಕೇ ಕೆಲಸ ಹುಡುಕುತ್ತಿರುವವರಿಗೆ ನಮ್ಮ ಒಳಮನೆಯ ಒಂದೆರಡು ಗುಟ್ಟು ಹೇಳುತ್ತೇನೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತುಗಳನ್ನೆಲ್ಲ ಒಂದೇ ಕಡೆ ನೋಡಲು ಮೆಟಾ ಕಂಪನಿಯ 'ಆ್ಯಡ್ ಲೈಬ್ರರಿ' ಇದೆ. ಯಾರು ಬೇಕಾದರೂ ತೆರೆಯಬಹುದು, ದುಡ್ಡಿಲ್ಲ. ಸಂಸ್ಥೆಯ ಹೆಸರು ಹಾಕಿದರೆ ಈಗ ಓಡುತ್ತಿರುವ ಜಾಹೀರಾತುಗಳು, ಅವು ಯಾವ ದಿನ ಶುರುವಾದವು ಎಂಬುದು ಕಾಣುತ್ತದೆ. 'ಇಂದೇ ಕೊನೆ' ಎನ್ನುವ ಜಾಹೀರಾತು ಎರಡು ತಿಂಗಳಿಂದ ಓಡುತ್ತಿದ್ದರೆ ಲೆಕ್ಕ ನೀವೇ ಹಾಕಿಕೊಳ್ಳಿ. ಪೇಜಿನ ಮೇಲೆ ಗಡಿಯಾರ ಓಡುತ್ತಿದ್ದರೆ ಅದೇ ಪೇಜನ್ನು ಗೆಳೆಯನ ಫೋನಿನಲ್ಲಿ ತೆರೆದು ನೋಡಿ. ಅಲ್ಲಿ ಸಮಯ ಮೊದಲಿನಿಂದ ಶುರುವಾದರೆ ಆ ಗಡಿಯಾರಕ್ಕೆ ಯಾವ ಬೆಲೆಯೂ ಇಲ್ಲ. ಒಮ್ಮೆ ಆ ಪೇಜ್ ತೆರೆದ ಮೇಲೆ ಅದೇ ಜಾಹೀರಾತು ವಾರಗಟ್ಟಲೆ ನಿಮ್ಮ ಹಿಂದೆ ಬಂದರೆ 'ಇದು ನನ್ನ ಹಣೆಬರಹದಲ್ಲೇ ಇರಬೇಕು' ಎಂದುಕೊಳ್ಳಬೇಡಿ. ಅದು ನಾವು ದುಡ್ಡು ಕೊಟ್ಟು ಮಾಡಿಸುವುದು.

ಇಷ್ಟೆಲ್ಲ ಗೊತ್ತಿದ್ದೂ ಕಳೆದ ತಿಂಗಳು ನಾನೇ ರಾತ್ರಿ ಹನ್ನೊಂದಕ್ಕೆ, 'ಇನ್ನು 12 ನಿಮಿಷ ಮಾತ್ರ' ಎಂದು ನೋಡಿ ಒಂದು ಏರ್ ಫ್ರೈಯರ್ ಕೊಂಡೆ. ಅಮ್ಮ ಅದರೊಳಗೆ ಈರುಳ್ಳಿ ಇಟ್ಟಿದ್ದಾರೆ.

ಈ ಕೆಲಸಕ್ಕೆ ಬರಬೇಡಿ ಎಂದು ನಾನು ಹೇಳುವುದಿಲ್ಲ. ಕನ್ನಡದಲ್ಲಿ ಚೆನ್ನಾಗಿ ಎರಡು ಸಾಲು ಬರೆಯುವವರು ನಮಗೆ ಬೇಕು, ಇಂಗ್ಲಿಷಿನಿಂದ ಹಾಗೇ ಎತ್ತಿಟ್ಟ ಕನ್ನಡ ಓದಿ ಸಾಕಾಗಿದೆ. ಆದರೆ ಅದಕ್ಕೆ 45 ಸಾವಿರ ಕೊಡಬೇಕಾಗಿಲ್ಲ. ಗೂಗಲ್‌ನ ಸ್ಕಿಲ್‌ಶಾಪ್‌ನಲ್ಲಿ ಪಾಠವೂ ಪರೀಕ್ಷೆಯೂ ಉಚಿತ. ಆಮೇಲೆ ನಿಮ್ಮ ಮಾವನ ಅಂಗಡಿಯದೋ ಬೀದಿಯ ಟೈಲರ್‌ದೋ ಪೇಜ್ ಮಾಡಿ, 500 ರೂಪಾಯಿ ಹಾಕಿ, ಏನಾಯಿತು ಎಂದು ಬರೆದಿಟ್ಟುಕೊಳ್ಳಿ. ಇಂಟರ್‌ವ್ಯೂನಲ್ಲಿ ನಾನು ಕೇಳುವುದು ಅದನ್ನೇ, ಸರ್ಟಿಫಿಕೇಟನ್ನಲ್ಲ.

ಆ ಸಂಸ್ಥೆಯ ಮುಂದಿನ ಬ್ಯಾಚಿನ ಜಾಹೀರಾತು ನಾನು ಬರೆಯುವುದಿಲ್ಲ ಎಂದೆ. ಬಾಸ್ ಕೋಪ ಮಾಡಿಕೊಳ್ಳಲಿಲ್ಲ, ಪಕ್ಕದ ಮೇಜಿನ ಹುಡುಗನಿಗೆ ಕೊಟ್ಟರು. ಅವನು ಹತ್ತು ನಿಮಿಷದಲ್ಲಿ ಬರೆದು ಮುಗಿಸಿದ. ಆ ವರ್ಷ ನನ್ನ ಸಂಬಳ ಏರಲಿಲ್ಲ. ಈಗ ಒಂದು ಸೀರೆ ಅಂಗಡಿ, ಒಂದು ಹಲ್ಲಿನ ಆಸ್ಪತ್ರೆಯ ಕೆಲಸ ನೋಡಿಕೊಳ್ಳುತ್ತೇನೆ.

ನಮ್ಮೂರಿನ ಹುಡುಗ ಈಗ ಅವರ ಚಿಕ್ಕಪ್ಪನ ಗಾಣದ ಕೊಬ್ಬರಿ ಎಣ್ಣೆಗೆ ಪೇಜ್ ಮಾಡಿದ್ದಾನೆ. ತುಮಕೂರು, ಹಾಸನದಿಂದ ಆರ್ಡರ್ ಬರುತ್ತಿವೆ. ಏನೇ ಬರೆದರೂ ಮೊದಲು ನನಗೆ ವಾಟ್ಸ್‌ಆ್ಯಪ್ ಮಾಡುತ್ತಾನೆ. ಹೋದ ವಾರ ಬಂದದ್ದು: 'ಶುದ್ಧ ಗಾಣದ ಎಣ್ಣೆ. ಕೊನೆಯ 20 ಲೀಟರ್ ಮಾತ್ರ!'

"ಎಷ್ಟಿದೆಯೋ ನಿಜವಾಗಿ?" ಎಂದು ಕೇಳಿದೆ.

"ಎರಡು ಡ್ರಮ್ ಇದೆ ಅಕ್ಕ" ಎಂದು ಬರೆದ. ಪಕ್ಕದಲ್ಲಿ ಒಂದು ನಗುವ ಮುಖ.