ದಸ್ತಾವೇಜು ಇದ್ದರೆ ಸಾಲದು, ಸೂಚಿಯೂ ಬೇಕು

ಸ್ಥಿರಾಸ್ತಿಯ ಕ್ರಯಪತ್ರವು ನೋಂದಣಿಯಾದರೆ, ಆ ಸ್ವತ್ತನ್ನು ಮುಂದೆ ಕೊಳ್ಳುವವನಿಗೆ ಅದರ ವಿಷಯ ತಿಳಿದಿತ್ತೆಂದೇ ಕಾನೂನು ಭಾವಿಸುತ್ತದೆ. ಆದರೆ ಇದಕ್ಕೊಂದು ನಿಬಂಧನೆಯುಂಟು. ಸ್ವತ್ತು ವರ್ಗಾವಣೆ ಅಧಿನಿಯಮದ 3ನೇ ಕಲಮಿನಂತೆ, ವ್ಯವಹಾರದ ವಿವರಗಳು ನೋಂದಣಿ ಕಚೇರಿಯ ಸೂಚಿಗಳಲ್ಲಿಯೂ ಸರಿಯಾಗಿ ದಾಖಲಾಗಿರತಕ್ಕದ್ದು. ಪತ್ರವು ಪುಸ್ತಕದಲ್ಲಿದ್ದೂ ಸೂಚಿಯಲ್ಲಿ ಇಲ್ಲವಾದರೆ, ಹುಡುಕುವವನ ಪಾಲಿಗೆ ಅದು ಇಲ್ಲದಂತೆಯೇ ಸರಿ.

ಗಣಕಯಂತ್ರದ ಲೋಕದಲ್ಲಿ ಇಂತಹ ಸೂಚಿಗೆ ಮೆಟಾಡೇಟಾ ಎಂದು ಹೆಸರು. ಕಡತದೊಳಗೆ ಏನಿದೆಯೆಂಬುದನ್ನು ತೆರೆಯದೆಯೇ ತಿಳಿಸುವ ವಿವರವದು. ನಮ್ಮ ಕಾಸರಗೋಡಿನಲ್ಲಿ ಹಳೆಯ ಪುಸ್ತಕ, ಶಾಲೆಗಳ ಸ್ಮರಣ ಸಂಚಿಕೆ, ಯಕ್ಷಗಾನ ಪ್ರಸಂಗಗಳನ್ನು ಸ್ಕ್ಯಾನ್ ಮಾಡಿ ಹಂಚುವವರ ಉತ್ಸಾಹ ಶ್ಲಾಘನೀಯ. ಆದರೆ ‘ಸ್ಕ್ಯಾನ್ 001’ ಎಂಬ ಹೆಸರಿನಲ್ಲೇ ಉಳಿದ ಕಡತವು ನಾಳೆ ಯಾರ ಕೈಗೆ ಸಿಕ್ಕೀತು?

ಇದಕ್ಕೊಂದು ಸಿದ್ಧಕ್ರಮವಿದೆ. 1995ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಡಬ್ಲಿನ್ ಪಟ್ಟಣದಲ್ಲಿ ನಡೆದ ಕಾರ್ಯಾಗಾರದಿಂದ ‘ಡಬ್ಲಿನ್ ಕೋರ್’ ಎಂಬ ಪದ್ಧತಿ ಹುಟ್ಟಿತು. ಶೀರ್ಷಿಕೆ, ಕರ್ತೃ, ವಿಷಯ, ದಿನಾಂಕ, ಭಾಷೆ, ವ್ಯಾಪ್ತಿ, ಹಕ್ಕು ಮೊದಲಾಗಿ ಅದರಲ್ಲಿ 15 ಅಂಶಗಳಿವೆ. ಕೊನೆಯಲ್ಲಿ ಹೆಸರಿಸಿದ ಮೂರು ಅಂಶಗಳು ಗಡಿನಾಡಿನವರಾದ ನಮಗೆ ವಿಶೇಷ ಮಹತ್ತ್ವದವು.

ಭಾಷೆ ಕನ್ನಡವೆಂದು ನಮೂದಿಸದಿದ್ದರೆ, ಕೇರಳದಲ್ಲಿ ಮುದ್ರಿತವಾದ ಪುಸ್ತಕವು ಕನ್ನಡದ ಶೋಧದಲ್ಲಿ ಕಾಣಿಸದೆ ಹೋಗಬಹುದು. ವ್ಯಾಪ್ತಿಯೆಂದರೆ ವಿಷಯಕ್ಕೆ ಸಂಬಂಧಿಸಿದ ಸ್ಥಳ ಮತ್ತು ಕಾಲ. 1956ರ ನವೆಂಬರ್ 1ಕ್ಕೆ ಮುನ್ನ ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಬಳಿಕ ಕೇರಳದ ಕಣ್ಣೂರು ಜಿಲ್ಲೆಯ ಭಾಗವಾಗಿದ್ದು, 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಹೀಗಾಗಿ ಒಂದೇ ಊರಿನ ಕಾಗದಪತ್ರಗಳು ಮೂರು ಜಿಲ್ಲೆಗಳ ಹೆಸರಿನಲ್ಲಿ ಹಂಚಿಹೋಗಿರಬಹುದು. ಊರಿನ ಹೆಸರು, ಅಂದಿನ ಜಿಲ್ಲೆ, ಇಂದಿನ ಜಿಲ್ಲೆ ಮೂರನ್ನೂ ಬರೆದರೆ ಮಾತ್ರ ಅವು ಒಂದೆಡೆ ಕೂಡಿಯಾವು.

ಹಕ್ಕಿನ ವಿಚಾರವೂ ಹಾಗೆಯೇ. ಲೇಖಕನ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಯ ಮೇಲಿನ ಹಕ್ಕುಸ್ವಾಮ್ಯವು ನಮ್ಮ ದೇಶದಲ್ಲಿ ಆತನ ಮರಣದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರ ಅಂತಹ ಕೃತಿಗಳು 2024ರ ಆರಂಭದಿಂದ ಸಾರ್ವಜನಿಕ ಸ್ವತ್ತಾಗಿವೆ. ಲೇಖಕರ ಮರಣದ ವರ್ಷವನ್ನು ದಾಖಲಿಸಿದ್ದರೆ, ಹಂಚಬಹುದೇ ಎಂಬ ಸಂದೇಹಕ್ಕೆ ಬಹುಮಟ್ಟಿಗೆ ಅಲ್ಲಿಯೇ ಪರಿಹಾರ ದೊರೆಯುತ್ತದೆ.

ಶೀರ್ಷಿಕೆಯನ್ನು ಯೂನಿಕೋಡ್ ಕನ್ನಡದಲ್ಲಿ ಬರೆದು, ರೋಮನ್ ಲಿಪಿಯ ರೂಪವನ್ನೂ ಜೊತೆಗಿಡುವುದು ಲೇಸು. ಹಳೆಯ ಫಾಂಟುಗಳಲ್ಲಿ ಬೆರಳಚ್ಚಿಸಿದ ಹೆಸರು ನಮ್ಮ ಕಣ್ಣಿಗೆ ಕನ್ನಡವಾಗಿ ಕಂಡರೂ ಶೋಧಯಂತ್ರಕ್ಕೆ ಅರ್ಥವಿಲ್ಲದ ಚಿಹ್ನೆಗಳ ಸಾಲು.

ಇದು ಕೇವಲ ಗ್ರಂಥಪಾಲಕರ ಚಿಂತೆಯಲ್ಲ. ಒಂದು ಶಾಲೆಯಲ್ಲಿ ಕನ್ನಡ ಮಾಧ್ಯಮವು ಎಂದಿನಿಂದ ನಡೆದುಬಂದಿದೆಯೆಂಬ ಪ್ರಶ್ನೆ ಎದ್ದಾಗ, 50 ವರ್ಷ ಹಿಂದಿನ ಸ್ಮರಣ ಸಂಚಿಕೆಯೊಂದು ನಮ್ಮ ಪರವಾದ ಸಾಕ್ಷ್ಯವಾಗಬಲ್ಲದು. ವಿಚಾರಣೆಯ ದಿನ ಅದು ಕೈಗೆ ಸಿಗಬೇಕಾದರೆ, ಹಂಚುವ ದಿನವೇ ಅದರ ಹೆಸರು, ಊರು, ವರ್ಷಗಳನ್ನು ಬರೆದಿಡಬೇಕು. ಓದುಗರು ತಮ್ಮಲ್ಲಿರುವ ಕಡತಗಳಿಗೆ ಈ ವಾರವೇ ಈ ಕೆಲಸವನ್ನು ಆರಂಭಿಸಲಿ.