ಸೀಟಿ ಊದುವವನ ಕಿವಿ

ಅಂಗಡಿಯಲ್ಲಿ ತಕ್ಕಡಿ ಹಿಡಿಯುವ ಹುಡುಗನಿಗೆ ಹಳಬರು ಹೇಳಿಕೊಡುವ ಮೊದಲ ಪಾಠ: ಗಿರಾಕಿಯ ಬಾಯಿ ನೋಡಬೇಡ, ಮುಳ್ಳು ನೋಡು. ಮೈದಾನದಲ್ಲಿ ನಿಲ್ಲುವ ರೆಫರಿಯ, ಅಂಪೈರಿನ ಕೆಲಸವೂ ಇದೇ. ವ್ಯತ್ಯಾಸವೆಂದರೆ, ನಮ್ಮೆದುರು ಗೊಣಗುವವನು ಒಬ್ಬ. ಅವರನ್ನು ಬೈಯಲು ಊರಿಗೆ ಊರೇ ನೆರೆದಿರುತ್ತದೆ.

ನಮ್ಮ ಆಲಸನತ್ತ, ಹೊಸೂರಿನ ಕಡೆ ಕಬಡ್ಡಿ, ವಾಲಿಬಾಲ್ ಪಂದ್ಯ ನಡೆದರೆ ಗೆರೆಯ ಹೊರಗಿನಿಂದ ಬೈಗುಳ ಕನ್ನಡ, ತೆಲುಗು, ತಮಿಳು ಮೂರರಲ್ಲೂ ಬರುತ್ತದೆ. ರೆಫರಿಗೆ ಮೂರೂ ಅರ್ಥವಾಗುತ್ತದೆ, ಅದೇ ಕಷ್ಟ! ತಪ್ಪು ಮಾಡಿದ ಆಟಗಾರನಿಗೆ ಹಸಿರು, ಹಳದಿ, ಕೆಂಪು ಕಾರ್ಡು ತೋರಿಸಬಹುದು. ಹೊರಗೆ ನಿಂತು ಕೂಗುವವನಿಗೆ ತೋರಿಸಲು ಅವನ ಜೇಬಿನಲ್ಲಿ ಯಾವ ಕಾರ್ಡೂ ಇಲ್ಲ.

ಹಾಗಾದರೆ ಮಾಡುವುದೇನು? ಅನುಭವಸ್ಥರು ಕೂಗನ್ನು ಎರಡಾಗಿ ವಿಂಗಡಿಸುತ್ತಾರೆ. "ಕಣ್ಣು ಕಾಣೋದಿಲ್ವೇನಯ್ಯ?", "ಎಷ್ಟು ತಗೊಂಡೆ?" ಎಂದು ತನ್ನ ಮೇಲೆ ಬಂದದ್ದನ್ನು ಕೇಳಿಸದಂತೆ ಇದ್ದುಬಿಡುತ್ತಾರೆ. ತಿರುಗಿ ಉತ್ತರ ಕೊಟ್ಟರೆ ಒಬ್ಬನಿದ್ದ ಕಡೆ ಹತ್ತು ಜನ ಸೇರುತ್ತಾರೆ. ಹೆದರಿಯೋ ಸಿಟ್ಟಾಗಿಯೋ ಮುಂದಿನ ತೀರ್ಪು ಒಂದು ಕಡೆ ವಾಲಿದರಂತೂ ಕೂಗಿದವನೇ ಗೆದ್ದ ಹಾಗೆ. ಆದರೆ ಆಟಗಾರನ ಜಾತಿ, ಬಣ್ಣ, ತಾಯಿ ತಂಗಿಯರನ್ನು ಎತ್ತಿ ಆಡಿದರೆ, ಕೈಗೆ ಕಲ್ಲು ಬಂದರೆ ಸುಮ್ಮನಿರುವುದು ಸಹನೆಯಲ್ಲ, ಕರ್ತವ್ಯಲೋಪ. ಆಗ ಆಟ ನಿಲ್ಲಿಸಿ, ಎರಡೂ ನಾಯಕರನ್ನು ಕರೆದು, ಜನರನ್ನು ಹದ್ದಿನಲ್ಲಿಡುವ ಕೆಲಸವನ್ನು ಪಂದ್ಯ ನಡೆಸುವವರಿಗೂ ಪೊಲೀಸರಿಗೂ ಒಪ್ಪಿಸಬೇಕು. ಜನಾಂಗ ನಿಂದನೆ ನಡೆದರೆ ಫುಟ್‌ಬಾಲಿನಲ್ಲಿ ಮೂರು ಮೆಟ್ಟಿಲುಗಳಿವೆ: ಮೊದಲು ಆಟ ನಿಲ್ಲಿಸುವುದು, ನಿಲ್ಲದಿದ್ದರೆ ತಂಡಗಳನ್ನು ಒಳಗೆ ಕಳುಹಿಸುವುದು, ಕೊನೆಗೆ ಪಂದ್ಯವನ್ನೇ ಕೈಬಿಡುವುದು.

ನಮ್ಮ ವಯಸ್ಸಿನವರಿಗೆ 1996ರ ಮಾರ್ಚ್ 13 ನೆನಪಿರಬೇಕು. ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ವಿಶ್ವಕಪ್ ಸೆಮಿಫೈನಲ್. ಶ್ರೀಲಂಕಾ ಎದುರು 252 ಓಟಗಳ ಗುರಿ. ಭಾರತ 8 ವಿಕೆಟ್‌ಗೆ 120. ಜನ ಬಾಟಲಿ ಎಸೆದರು, ಆಸನಗಳಿಗೆ ಬೆಂಕಿ ಇಟ್ಟರು. ಪಂದ್ಯದ ರೆಫರಿ ಕ್ಲೈವ್ ಲಾಯ್ಡ್ ಆಟಗಾರರನ್ನು ಒಳಗೆ ಕರೆಸಿ ಸ್ವಲ್ಪ ಹೊತ್ತು ಕಾದರು, ಮತ್ತೆ ಆಡಲು ಬಿಟ್ಟರು. ಗಲಾಟೆ ಅಡಗಲಿಲ್ಲ. ಪಂದ್ಯವನ್ನು ಶ್ರೀಲಂಕಾಕ್ಕೆ ಕೊಟ್ಟರು. ಕ್ರೀಸಿನಲ್ಲಿದ್ದ ಕಾಂಬ್ಳಿ ಅಳುತ್ತ ಹೊರನಡೆದರು, ಜೊತೆಯಲ್ಲಿದ್ದವರು ನಮ್ಮ ಕುಂಬ್ಳೆ. ಗೆಲ್ಲುವ ಆಸೆ ಹೇಗೂ ಕ್ಷೀಣಿಸಿತ್ತು. ಮರ್ಯಾದೆಯಿಂದ ಸೋಲುವ ಅವಕಾಶವನ್ನೂ ನಮ್ಮವರೇ ಕಿತ್ತುಕೊಂಡರು. ಅಂದು ಆಡಿದ್ದ ಮೈಸೂರಿನ ಜಾವಗಲ್ ಶ್ರೀನಾಥ್ 2006ರಿಂದ ತಾವೇ ಅಂತಾರಾಷ್ಟ್ರೀಯ ಪಂದ್ಯಗಳ ರೆಫರಿಯಾದರು.

2021ರ ಜನವರಿಯಲ್ಲಿ ಸಿಡ್ನಿಯಲ್ಲಿ ಹೈದರಾಬಾದಿನ ಮೊಹಮ್ಮದ್ ಸಿರಾಜ್ ಬೌಂಡರಿ ಗೆರೆಯ ಬಳಿ ನಿಂದನೆ ಕೇಳಿ ನಾಯಕ ರಹಾನೆಗೂ ಅಂಪೈರುಗಳಿಗೂ ತಿಳಿಸಿದರು. ಪಂದ್ಯ ಕೆಲ ನಿಮಿಷ ನಿಂತಿತು. ಆರು ಜನರನ್ನು ಹೊರಗೆ ಕರೆದೊಯ್ದರು. ಬೇಕಿದ್ದರೆ ಮೈದಾನ ಬಿಡಬಹುದೆಂದು ಅಂಪೈರುಗಳು ಹೇಳಿದ್ದರೆಂದೂ ರಹಾನೆ ಒಪ್ಪದೆ ಆಡಿಸಿದರೆಂದೂ ಸಿರಾಜ್ ಆಮೇಲೆ ತಿಳಿಸಿದರು. ನಿಂದನೆ ನಡೆದದ್ದು ನಿಜ, ಆದರೆ ಆ ಆರು ಜನ ತಪ್ಪಿತಸ್ಥರಲ್ಲ ಎಂದು ಆಸ್ಟ್ರೇಲಿಯಾದ ಮಂಡಳಿಯ ವಿಚಾರಣೆಯಲ್ಲಿ ತಿಳಿಯಿತು. ಇದರಲ್ಲೂ ಪಾಠವಿದೆ. ಕೂಗು ಕೇಳಿದ ಕೂಡಲೇ ಆಟ ನಿಲ್ಲಿಸುವುದು ಸರಿ. ಕೂಗಿದವನು ಯಾರೆಂದು ತೀರ್ಮಾನಿಸುವುದು ಮಾತ್ರ ನಿಧಾನವಾಗಿ ಆಗಬೇಕು.

ದೊಡ್ಡ ಮೈದಾನಗಳಲ್ಲಿ ಪೊಲೀಸರಿರುತ್ತಾರೆ, ಕ್ಯಾಮೆರಾ ಇರುತ್ತದೆ. ಊರಿನ ಪಂದ್ಯದಲ್ಲಿ ಸೀಟಿ ಹಿಡಿದವನು ಬಹುಮಟ್ಟಿಗೆ ಕಾಲೇಜು ಓದುವ ಹುಡುಗ, ಇಲ್ಲವೇ ಶಾಲೆಯ ಮೇಷ್ಟ್ರು. ಸಂಜೆ ಅದೇ ಬೀದಿಯಲ್ಲಿ ಅವನು ಮನೆಗೆ ನಡೆದು ಹೋಗಬೇಕು. ಒಂದು ಸಲ ಎಲ್ಲರೆದುರು ಅವಮಾನವಾದರೆ ಮುಂದಿನ ವರ್ಷ "ಬೇಡ ಸ್ವಾಮಿ, ಬೇರೆಯವರನ್ನು ನೋಡಿ" ಎನ್ನುತ್ತಾನೆ. ನ್ಯಾಯ ಹೇಳುವವನೇ ಸಿಗದ ಊರಿನಲ್ಲಿ ಮಕ್ಕಳು ಆಡುವುದೆಲ್ಲಿ? ಇನ್ನೊಂದು ಮಾತು: ಕೂಗುವವರಲ್ಲಿ ಪಡ್ಡೆ ಹುಡುಗರಷ್ಟೇ ಅಲ್ಲ, ಮಗನ ಆಟ ನೋಡಲು ಬಂದ ಅಪ್ಪಂದಿರೂ ಇರುತ್ತಾರೆ. ಸೋತಾಗ ಹೇಗಿರಬೇಕೆಂಬುದನ್ನು ಮಗ ಅಲ್ಲೇ ಕಲಿಯುತ್ತಾನೆ.

ಆದ್ದರಿಂದ ನಮ್ಮದೊಂದು ಸಲಹೆ. ನಿಮ್ಮ ಊರಿನ ಮುಂದಿನ ಕ್ರೀಡಾಕೂಟದಲ್ಲಿ ಎರಡೂ ತಂಡಗಳ ಕಡೆಯಿಂದ ಒಬ್ಬೊಬ್ಬ ಹಿರಿಯರನ್ನು ಜನರ ನಡುವೆ ಕೂರಿಸಿ. ಯಾರಾದರೂ ಮಿತಿ ಮೀರಿದರೆ ರೆಫರಿ ಬರುವುದು ಬೇಡ, ತಮ್ಮ ಕಡೆಯ ಹಿರಿಯರೇ ಹೋಗಿ ಹೆಗಲ ಮೇಲೆ ಕೈಯಿಟ್ಟು "ಸಾಕು ಕಣಪ್ಪ, ಕೂತ್ಕೋ" ಎನ್ನಲಿ. ಪಂದ್ಯ ಮುಗಿದ ಮೇಲೆ ಗೆದ್ದವರೂ ಸೋತವರೂ ಆ ಹುಡುಗನ ಕೈಕುಲುಕಿ, ಒಂದು ಲೋಟ ಮಜ್ಜಿಗೆ ಕೊಟ್ಟು ಕಳುಹಿಸಲಿ.